ಕೆಲಸಕ್ಕೆ ಬರವಿಲ್ಲ, ಬಿಲ್ಲಿಗೆ ಬರ: ಭಾರತದ ನಿರ್ಮಾಣ ಉದ್ಯಮದ ಇಂದು ಮತ್ತು ಮುಂದು

ಭಾರತದಲ್ಲಿ ದುಡಿಯುವ ಪ್ರತಿ ಎಂಟು ಜನರಲ್ಲಿ ಹೆಚ್ಚುಕಡಿಮೆ ಒಬ್ಬರ ಅನ್ನ ನಿರ್ಮಾಣ ಕೆಲಸದಿಂದ ಹುಟ್ಟುತ್ತದೆ. ಪಾಯ ತೋಡುವವರು, ಕಂಬಿ ಕಟ್ಟುವವರು, ಸೆಂಟ್ರಿಂಗ್ ಹಲಗೆ ಹೊಡೆಯುವವರು, ಗಾರೆಯವರು, ರಸ್ತೆಗೆ ಜಲ್ಲಿ ಹಾಸುವವರು ಎಲ್ಲರೂ ಈ ಲೆಕ್ಕದಲ್ಲಿ ಸೇರುತ್ತಾರೆ. ಕೃಷಿಯಲ್ಲಿ ಕೆಲಸ ಸಾಲದೆ ಹೊರಬಿದ್ದವರು ಮೊದಲು ಬಂದು ನಿಲ್ಲುವುದು ಇಲ್ಲಿಯೇ. ಆದರೆ ದೇಶದ ಒಟ್ಟು ಮೌಲ್ಯವರ್ಧನೆಯಲ್ಲಿ ಈ ಕ್ಷೇತ್ರದ ಪಾಲು ಶೇ 8–9ರ ಆಸುಪಾಸಿನಲ್ಲೇ ಇದೆ. ಕೆಲಸಗಾರರ ಪಾಲು ಶೇ 12ಕ್ಕೂ ಮೇಲೆ, ಉತ್ಪನ್ನದ ಪಾಲು ಅದಕ್ಕಿಂತ ಕೆಳಗೆ ಎಂದರೆ ಒಬ್ಬೊಬ್ಬರ ದುಡಿಮೆಯಿಂದ ಹುಟ್ಟುವ ಮೌಲ್ಯ ದೇಶದ ಸರಾಸರಿಗಿಂತ ಕಡಿಮೆ ಎಂದಾಯಿತು. ಯಂತ್ರ, ಬಂಡವಾಳ, ತರಬೇತಿ ಮೂರೂ ತೆಳುವಾಗಿರುವ ಉದ್ಯಮ ಇದು.

ಒಂದೇ ಹೆಸರಿನಡಿ ಇಲ್ಲಿ ಎರಡು ಲೋಕಗಳಿವೆ. ಚಿನಾಬ್ ನದಿಯ ಮೇಲೆ ಕಮಾನು ಸೇತುವೆ ಕಟ್ಟಬಲ್ಲ, ಸಮುದ್ರದೊಳಗೆ ಕಂಬ ಊರಬಲ್ಲ ಕೆಲವೇ ಕೆಲವು ದೊಡ್ಡ ಕಂಪನಿಗಳದ್ದು ಒಂದು. ಲೋಕೋಪಯೋಗಿ ಇಲಾಖೆಯ ಕ್ಲಾಸ್ ಒನ್ ಗುತ್ತಿಗೆದಾರನಿಂದ ಹಿಡಿದು, ಹತ್ತು ಆಳು ಕಟ್ಟಿಕೊಂಡು 30–40ರ ಸೈಟಿನಲ್ಲಿ ಮನೆ ಎಬ್ಬಿಸುವ ಮೇಸ್ತ್ರಿಯವರೆಗೆ ಹಬ್ಬಿರುವುದು ಇನ್ನೊಂದು. ಷೇರುಪೇಟೆಗೆ ಕಾಣುವುದು ಮೊದಲನೆಯದು, ಬಹುಪಾಲು ಜನ ದುಡಿಯುವುದು ಎರಡನೆಯದರಲ್ಲಿ. ಮಾರುಕಟ್ಟೆ ಚೆನ್ನಾಗಿದೆ ಎನ್ನುವ ವರದಿ ಬಂದಾಗ ಯಾವ ಲೋಕದ ಮಾತು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇಂದಿನ ಸ್ಥಿತಿ ಅರ್ಥವಾಗಬೇಕಾದರೆ ಹಿಂದಿನ ಎರಡು ಪೆಟ್ಟುಗಳನ್ನು ನೋಡಬೇಕು. 2003ರಿಂದ 2011ರವರೆಗೆ ಹೆದ್ದಾರಿ, ವಿದ್ಯುತ್ ಸ್ಥಾವರ, ವಿಮಾನ ನಿಲ್ದಾಣಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಕಟ್ಟುವ ಭರಾಟೆ ನಡೆಯಿತು. ಕಂಪನಿಯೇ ಸಾಲ ತಂದು ರಸ್ತೆ ಕಟ್ಟಿ, ಟೋಲ್ ಎತ್ತಿ ತೀರಿಸಿಕೊಂಡು, ಕೊನೆಗೆ ಸರ್ಕಾರಕ್ಕೆ ಒಪ್ಪಿಸುವ ಬಿಓಟಿ ಪದ್ಧತಿ ಅದರ ಮುಖ್ಯ ಸಾಧನ. ಭೂಸ್ವಾಧೀನ ಮುಗಿಯುವ ಮೊದಲೇ ಟೆಂಡರ್ ಆಗುತ್ತಿತ್ತು. ಅರಣ್ಯ ಇಲಾಖೆಯ ಅನುಮತಿ ಬರುವಷ್ಟರಲ್ಲಿ ಬಡ್ಡಿ ಬೆಳೆದಿರುತ್ತಿತ್ತು. ಲೆಕ್ಕದಲ್ಲಿದ್ದಷ್ಟು ವಾಹನಗಳೂ ಓಡಲಿಲ್ಲ. ಲ್ಯಾಂಕೊ, ಐವಿಆರ್‌ಸಿಎಲ್, ಗ್ಯಾಮನ್‌ನಂಥ ಹೆಸರಾಂತ ಕಂಪನಿಗಳು ಸಾಲದಲ್ಲಿ ಮುಳುಗಿದವು, ಬ್ಯಾಂಕುಗಳ ವಸೂಲಾಗದ ಸಾಲದ ರಾಶಿಯಲ್ಲಿ ಮೂಲಸೌಕರ್ಯದ ಪಾಲು ಎದ್ದು ಕಂಡಿತು. ಅಂದು ಕೈಸುಟ್ಟುಕೊಂಡ ಬ್ಯಾಂಕುಗಳು ಇಂದಿಗೂ ಗುತ್ತಿಗೆದಾರರಿಗೆ ಬ್ಯಾಂಕ್ ಗ್ಯಾರಂಟಿ ಕೊಡುವಾಗ ಹಿಂದೆಮುಂದೆ ನೋಡುತ್ತವೆ.

ಎರಡನೆಯ ಪೆಟ್ಟು ಬಿದ್ದದ್ದು ವಸತಿಗೆ. 2016ರ ನವೆಂಬರ್‌ನ ನೋಟು ಅಮಾನ್ಯೀಕರಣ, 2017ರಲ್ಲಿ ಪೂರ್ಣವಾಗಿ ಜಾರಿಗೆ ಬಂದ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ‘ರೇರಾ’, ಅದೇ ವರ್ಷದ ಜಿಎಸ್‌ಟಿ, 2018ರ ಸೆಪ್ಟೆಂಬರ್‌ನಲ್ಲಿ ಮೂಲಸೌಕರ್ಯ ಹಣಕಾಸು ಸಂಸ್ಥೆ ಐಎಲ್ ಅಂಡ್ ಎಫ್‌ಎಸ್ ಕುಸಿತ ಒಂದರ ಹಿಂದೆ ಒಂದು ಬಂದವು. ಮೊದಲ ಮೂರು ಕಪ್ಪುಹಣಕ್ಕೂ ಲೆಕ್ಕವಿಲ್ಲದ ವ್ಯವಹಾರಕ್ಕೂ ತಡೆಯೊಡ್ಡಿದರೆ, ಕೊನೆಯದು ಬಿಲ್ಡರುಗಳಿಗೆ ಸಾಲ ಕೊಡುತ್ತಿದ್ದ ಬ್ಯಾಂಕೇತರ ಹಣಕಾಸು ಸಂಸ್ಥೆಗಳ ನಲ್ಲಿಯನ್ನೇ ಬಂದ್ ಮಾಡಿತು. ದೆಹಲಿ ಸುತ್ತಲಿನ ನೊಯಿಡಾದಲ್ಲಿ ಹತ್ತಾರು ಸಾವಿರ ಕುಟುಂಬಗಳು ಹಣ ಕಟ್ಟಿಯೂ ಮನೆ ಕಾಣದೆ ಉಳಿದವು. ಆಮ್ರಪಾಲಿ ಸಮೂಹದ ಅರ್ಧಕ್ಕೆ ನಿಂತ ಯೋಜನೆಗಳನ್ನು ಮುಗಿಸುವ ಹೊಣೆಯನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಸರ್ಕಾರಿ ಸ್ವಾಮ್ಯದ ಎನ್‌ಬಿಸಿಸಿಗೆ ಒಪ್ಪಿಸಬೇಕಾಯಿತು. ಅದರ ಬೆನ್ನಿಗೇ ಕೋವಿಡ್ ಬಂತು. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ನಿರ್ಮಾಣ ಕ್ಷೇತ್ರದ ಮೌಲ್ಯವರ್ಧನೆ ಹಿಂದಿನ ವರ್ಷದ ಅರ್ಧಕ್ಕೆ ಇಳಿಯಿತು.

ಅಲ್ಲಿಂದ ಮೇಲೆದ್ದದ್ದು ಸರ್ಕಾರದ ದುಡ್ಡಿನಿಂದ. ಕೇಂದ್ರದ ಬಂಡವಾಳ ವೆಚ್ಚ 2020–21ರಲ್ಲಿ 4.26 ಲಕ್ಷ ಕೋಟಿ ರೂಪಾಯಿ ಇತ್ತು. 2025–26ರ ಬಜೆಟ್ಟಿನಲ್ಲಿ ಅದು 11.21 ಲಕ್ಷ ಕೋಟಿಗೆ ಮುಟ್ಟಿತು. ರಾಜ್ಯಗಳಿಗೂ ಬಂಡವಾಳ ಕಾಮಗಾರಿಗೆಂದೇ 50 ವರ್ಷಗಳ ಬಡ್ಡಿರಹಿತ ಸಾಲ ಸಿಕ್ಕಿತು. ರಾಷ್ಟ್ರೀಯ ಹೆದ್ದಾರಿಗಳ ಉದ್ದ 2014ರ 91 ಸಾವಿರ ಕಿ.ಮೀ.ಯಿಂದ 1.46 ಲಕ್ಷ ಕಿ.ಮೀ.ಗೆ ಏರಿತು. ಮೆಟ್ರೊ, ಸರಕು ರೈಲು ಕಾರಿಡಾರ್, ಮುಂಬೈ–ಅಹಮದಾಬಾದ್ ಬುಲೆಟ್ ರೈಲು, ಮನೆಮನೆಗೆ ನಲ್ಲಿ ನೀರು ಇವೆಲ್ಲ ಸೇರಿ ಗುತ್ತಿಗೆ ಕಂಪನಿಗಳ ಕೈಯಲ್ಲಿ ಎರಡು–ಮೂರು ವರ್ಷಕ್ಕಾಗುವಷ್ಟು ಕೆಲಸ ಬಿತ್ತು. 2023–24ರಲ್ಲೂ 2024–25ರಲ್ಲೂ ಕ್ಷೇತ್ರ ಶೇ 9–10ರ ಆಸುಪಾಸಿನಲ್ಲಿ ಬೆಳೆಯಿತು.

ಈ ಬೆಳವಣಿಗೆಗೆ ಒಂದೇ ಕಾಲು ಎಂಬುದು ಅದರ ದೌರ್ಬಲ್ಯ. ಖಾಸಗಿ ಕಾರ್ಖಾನೆಗಳ ಹೂಡಿಕೆ ನಿರೀಕ್ಷಿಸಿದಷ್ಟು ಬರಲಿಲ್ಲ. ಸರ್ಕಾರ ಉಸಿರು ಬಿಗಿಹಿಡಿದರೆ ಉದ್ಯಮವೂ ಏದುಸಿರು ಬಿಡುತ್ತದೆ. 2023–24ರಲ್ಲಿ 12,349 ಕಿ.ಮೀ. ಹೆದ್ದಾರಿ ನಿರ್ಮಾಣವಾಗಿದ್ದರೆ ಮರುವರ್ಷ ಆದದ್ದು 10,660 ಕಿ.ಮೀ. ಮಾತ್ರ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಹೊಸ ಗುತ್ತಿಗೆಗಳು ವಿರಳವಾದವು. ಹೆದ್ದಾರಿ ಪ್ರಾಧಿಕಾರದ ಸಾಲ 3 ಲಕ್ಷ ಕೋಟಿ ದಾಟಿದ್ದರಿಂದ ಅದು ಹೊಸ ಸಾಲ ಎತ್ತುವುದನ್ನು ನಿಲ್ಲಿಸಿ ಬಜೆಟ್ಟಿನ ಹಣಕ್ಕೇ ಕಾಯುವ ಸ್ಥಿತಿ ಬಂತು. ಜಲಜೀವನ್ ಮಿಷನ್‌ನ ಕಥೆ ಇನ್ನೂ ಕಠಿಣ. 2024–25ಕ್ಕೆ 70 ಸಾವಿರ ಕೋಟಿಗೂ ಹೆಚ್ಚು ಇಟ್ಟಿದ್ದ ಅನುದಾನ ಪರಿಷ್ಕೃತ ಅಂದಾಜಿನಲ್ಲಿ 22,694 ಕೋಟಿಗೆ ಇಳಿಯಿತು. ಪೈಪು ತಂದು ಹಳ್ಳಿಯ ಬೀದಿ ಅಗೆದಿದ್ದ ಗುತ್ತಿಗೆದಾರರು ಬಿಲ್ಲು ಹಿಡಿದುಕೊಂಡು ಜಿಲ್ಲಾ ಪಂಚಾಯಿತಿಗಳ ಬಾಗಿಲು ಕಾಯಬೇಕಾಯಿತು. ಯೋಜನೆಯನ್ನು 2028ರವರೆಗೆ ವಿಸ್ತರಿಸಿರುವುದರಿಂದ ಕೆಲಸವೇನೋ ಉಳಿದಿದೆ, ಆದರೆ ಅಷ್ಟು ದಿನ ಬಡ್ಡಿ ಕಟ್ಟಿ ಉಳಿಯುವ ಶಕ್ತಿ ಎಲ್ಲ ಗುತ್ತಿಗೆದಾರರಿಗಿಲ್ಲ.

ಕೆಲಸ ಹಿಡಿಯುವ ಪೈಪೋಟಿಯೂ ವಿಪರೀತಕ್ಕೆ ಹೋಗಿದೆ. ಕೋವಿಡ್ ಕಾಲದಲ್ಲಿ ಟೆಂಡರಿನ ಅರ್ಹತಾ ನಿಯಮಗಳನ್ನು ಸಡಿಲಿಸಿ, ಕಾರ್ಯನಿರ್ವಹಣಾ ಭದ್ರತಾ ಠೇವಣಿಯನ್ನು ಶೇ 3ಕ್ಕೆ ಇಳಿಸಲಾಯಿತು. ಅನುಭವ ಕಡಿಮೆಯಿದ್ದ ಸಣ್ಣಪುಟ್ಟ ಕಂಪನಿಗಳೂ ಹೆದ್ದಾರಿ ಟೆಂಡರಿಗೆ ನುಗ್ಗಿದವು. ಇಲಾಖೆಯ ಅಂದಾಜಿಗಿಂತ ಶೇ 25–30ರಷ್ಟು ಕಡಿಮೆ ದರ ಹಾಕಿ ಕೆಲಸ ಗೆಲ್ಲುವುದು ಮಾಮೂಲಾಯಿತು. ಅಷ್ಟು ಕಡಿಮೆಗೆ ಕೆಲಸ ಹಿಡಿದವನು ಲಾಭವನ್ನು ಎಲ್ಲಿಂದ ತೆಗೆಯುತ್ತಾನೆ ಎಂಬುದು ಮೊದಲ ಮಳೆಗೆ ಕಿತ್ತುಬರುವ ಡಾಂಬರನ್ನು ಕಂಡವರಿಗೆ ಗೊತ್ತು. ತೀರಾ ಕಡಿಮೆ ದರಕ್ಕೆ ಹೆಚ್ಚುವರಿ ಠೇವಣಿ ಕೇಳುವ ನಿಯಮ ಇದೆಯಾದರೂ ಪೈಪೋಟಿ ತಗ್ಗಿಲ್ಲ. ಗುತ್ತಿಗೆಯ ಪದ್ಧತಿಯೂ ಬದಲಾಗಿದೆ. ಯೋಜನಾ ವೆಚ್ಚದ ಶೇ 40ರಷ್ಟನ್ನು ನಿರ್ಮಾಣದ ವೇಳೆಯಲ್ಲೇ ಸರ್ಕಾರ ಕೊಟ್ಟು, ಉಳಿದದ್ದನ್ನು 15 ವರ್ಷಗಳ ಕಂತಿನಲ್ಲಿ ತೀರಿಸುವ ‘ಹ್ಯಾಮ್’ ಪದ್ಧತಿ 2016ರಿಂದ ಚಾಲ್ತಿಯಲ್ಲಿದೆ. ಇದರಲ್ಲಿ ವಾಹನ ಸಂಚಾರದ ಅಪಾಯ ಗುತ್ತಿಗೆದಾರನ ಮೇಲಿಲ್ಲ. ಈಗ ಬಜೆಟ್ಟಿನ ಹೊರೆ ತಗ್ಗಿಸಲು ಬಿಓಟಿಯನ್ನು ಮತ್ತೆ ಮುಂದೆ ತರಲಾಗುತ್ತಿದೆ.

ವಸತಿ ಮಾರುಕಟ್ಟೆಯ ಚಿತ್ರ ಬೇರೆ. ರೇರಾ ಪ್ರಕಾರ ಗ್ರಾಹಕರಿಂದ ಬಂದ ಹಣದ ಶೇ 70ರಷ್ಟನ್ನು ಆಯಾ ಯೋಜನೆಯ ಪ್ರತ್ಯೇಕ ಖಾತೆಯಲ್ಲಿಯೇ ಇಡಬೇಕು. ಒಂದು ಬಡಾವಣೆಯ ಮುಂಗಡದಿಂದ ಇನ್ನೊಂದಕ್ಕೆ ಜಮೀನು ಕೊಳ್ಳುವ ಹಳೆಯ ಚಾಳಿಗೆ ಇದು ಕಡಿವಾಣ ಹಾಕಿತು. ದುರ್ಬಲ ಬಿಲ್ಡರುಗಳು ಉದುರಿ, ಹಣಬಲವಿದ್ದವರ ಕೈ ಮೇಲಾಯಿತು. 2021ರಿಂದ ಮುಂದಕ್ಕೆ ದೊಡ್ಡ ನಗರಗಳ ಮಾರಾಟ ವರ್ಷವರ್ಷ ಏರಿತು. ಆದರೆ ಏರಿದ್ದು ದುಬಾರಿ ಮನೆಗಳ ಮಾರಾಟ. 2018ರ ಸುಮಾರಿಗೆ ಮಾರಾಟದಲ್ಲಿ ಅರ್ಧದಷ್ಟಿದ್ದ 50 ಲಕ್ಷದೊಳಗಿನ ಮನೆಗಳ ಪಾಲು 2024ರ ಹೊತ್ತಿಗೆ ಕಾಲುಭಾಗದ ಆಸುಪಾಸಿಗೆ ಕುಸಿಯಿತು. ‘ಕೈಗೆಟುಕುವ ಮನೆ’ಗೆ ಶೇ 1ರ ಜಿಎಸ್‌ಟಿ ಸಿಗಲು ಬೆಲೆ 45 ಲಕ್ಷದೊಳಗಿರಬೇಕೆಂಬ ಮಿತಿ 2019ರಲ್ಲಿ ಬಂದದ್ದು. ಬೆಂಗಳೂರಿನಲ್ಲಿ ಆ ಮೊತ್ತಕ್ಕೆ ಮನೆ ಹುಡುಕುತ್ತಾ ಹೊರಟವರು ನೆಲಮಂಗಲವನ್ನೋ ಅತ್ತಿಬೆಲೆಯನ್ನೋ ದಾಟಿ ಹೋಗಬೇಕು. ಮಧ್ಯಮವರ್ಗದ ಕೆಳ ಅಂಚಿನವರನ್ನು ಮಾರುಕಟ್ಟೆ ಸದ್ಯಕ್ಕೆ ಕೈಬಿಟ್ಟಿದೆ.

ಬಡ್ಡಿ ದರ ಮಾತ್ರ ಅನುಕೂಲಕ್ಕೆ ತಿರುಗಿದೆ. 2023ರ ಫೆಬ್ರವರಿಯಿಂದ ಎರಡು ವರ್ಷ ಶೇ 6.5ರಲ್ಲಿದ್ದ ರೆಪೊ ದರವನ್ನು ರಿಸರ್ವ್ ಬ್ಯಾಂಕ್ 2025ರಲ್ಲಿ ಹಂತಹಂತವಾಗಿ ಇಳಿಸಿ ಡಿಸೆಂಬರ್ ವೇಳೆಗೆ ಶೇ 5.25ಕ್ಕೆ ತಂದಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಗೃಹಸಾಲಗಳು ಇಂಥ ಬಾಹ್ಯ ದರಗಳಿಗೆ ಜೋಡಣೆಯಾಗಿರುವುದರಿಂದ ಇಳಿಕೆ ಗ್ರಾಹಕನ ಕಂತಿಗೆ ಬೇಗ ಮುಟ್ಟುತ್ತದೆ. ಗ್ರಾಮೀಣ ಭಾಗದಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗಳು ಸಣ್ಣ ಮೇಸ್ತ್ರಿಗಳಿಗೂ ಸಿಮೆಂಟ್ ಅಂಗಡಿಗಳಿಗೂ ವ್ಯಾಪಾರ ಕೊಟ್ಟಿವೆ. ಮೊದಲಿನ 2.95 ಕೋಟಿ ಮನೆಗಳ ಗುರಿಗೆ 2024ರಲ್ಲಿ ಇನ್ನೂ 2 ಕೋಟಿ ಸೇರಿಸಲಾಗಿದೆ. ಕರ್ನಾಟಕದಲ್ಲಿ ನಿಯಮಗಳ ಗೊಂದಲವೇ ಬೇಡಿಕೆಗೆ ಅಡ್ಡಿ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ ಸಂಪರ್ಕ ಕೊಡಕೂಡದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ರಾಜ್ಯದಲ್ಲಿ ಕಟ್ಟಿ ಮುಗಿದ ಸಾವಿರಾರು ಮನೆಗಳು ಮೀಟರಿಲ್ಲದೆ ನಿಂತವು. 1,200 ಚದರಡಿವರೆಗಿನ ನಿವೇಶನದ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟದ್ದು 2025ರ ಅಕ್ಟೋಬರ್‌ನಲ್ಲಿ.

ಸಾಮಗ್ರಿಗಳ ವಿಷಯದಲ್ಲಿ ದೇಶಕ್ಕೆ ಕೊರತೆಯಿಲ್ಲ. ಸಿಮೆಂಟಿನಲ್ಲಿ ಚೀನಾದ ನಂತರದ ಸ್ಥಾನ ಭಾರತದ್ದು. ಸ್ಥಾಪಿತ ಸಾಮರ್ಥ್ಯ 60 ಕೋಟಿ ಟನ್ ಮೀರಿದ್ದು, ಮೂರನೇ ಒಂದು ಭಾಗದಷ್ಟು ಸಾಮರ್ಥ್ಯ ಖಾಲಿ ಬಿದ್ದಿದೆ. ಹೀಗಿದ್ದೂ ಬೆಲೆ ಸದಾ ಪೈಪೋಟಿಯಿಂದ ನಿರ್ಧಾರವಾಗುತ್ತದೆಂದು ಹೇಳಲು ಬರುವುದಿಲ್ಲ. ಕೂಟ ಕಟ್ಟಿ ಬೆಲೆ ಏರಿಸಿದ ಆರೋಪದ ಮೇಲೆ ಸ್ಪರ್ಧಾ ಆಯೋಗ 2012ರಲ್ಲಿ ಸಿಮೆಂಟ್ ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ಹಾಕಿದ್ದು ಇನ್ನೂ ನೆನಪಿನಲ್ಲಿದೆ. ಆಮೇಲೆ ಕಂಪನಿಗಳ ಸಂಖ್ಯೆಯೇ ಕರಗುತ್ತಿದೆ. 2022ರಲ್ಲಿ ಅಂಬುಜಾ, ಎಸಿಸಿ ಅದಾನಿ ಸಮೂಹದ ಪಾಲಾದವು. 2024ರ ಕೊನೆಗೆ ಇಂಡಿಯಾ ಸಿಮೆಂಟ್ಸ್ ಅಲ್ಟ್ರಾಟೆಕ್‌ಗೆ ಸೇರಿತು. ಇಬ್ಬರು ದೊಡ್ಡವರ ನಡುವೆ ಮಾರುಕಟ್ಟೆ ಹಂಚಿಹೋಗುತ್ತಿರುವಾಗ, 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದರ ಲಾಭ ಕಟ್ಟುವವನಿಗೆ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಕಾದು ನೋಡಬೇಕು. ಕಚ್ಚಾ ಉಕ್ಕಿನಲ್ಲೂ 2018ರಿಂದ ಭಾರತ ಎರಡನೆಯ ಸ್ಥಾನದಲ್ಲಿದೆ. ಬಳ್ಳಾರಿಯ ತೋರಣಗಲ್ಲಿನ ಕಾರ್ಖಾನೆ ದೇಶದ ಅತಿ ದೊಡ್ಡ ಉಕ್ಕಿನ ಸ್ಥಾವರಗಳಲ್ಲೊಂದು. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ಕಂಬಿ, ಡಾಂಬರಿನ ದರ ಕೈಮೀರಿತ್ತು. ಆಮೇಲೆ ಅಂಥ ಏರಿಳಿತ ಇಲ್ಲ. ಮರಳಿನದು ಸ್ಥಳೀಯ ಸಮಸ್ಯೆ. ಕರ್ನಾಟಕದಲ್ಲಿ ನದಿ ಮರಳಿನ ಜಾಗವನ್ನು ಬಹುಮಟ್ಟಿಗೆ ಎಂ-ಸ್ಯಾಂಡ್ ಹಿಡಿದಿರುವುದರಿಂದ ಕ್ರಷರ್ ಮಾಲೀಕರ ಮುಷ್ಕರವೊಂದು ಇಡೀ ಊರಿನ ಕೆಲಸ ನಿಲ್ಲಿಸಬಲ್ಲದು.

ಇಷ್ಟು ಬೇಡಿಕೆ, ಇಷ್ಟು ಸಾಮಗ್ರಿ ಇರುವ ಉದ್ಯಮ ಸೊರಗುವುದು ಹಣ ಕೈಸೇರುವ ಹಾದಿಯಲ್ಲಿ. ಸರ್ಕಾರಿ ಕಾಮಗಾರಿಯೊಂದರ ಬಿಲ್ಲು ಹೇಗೆ ಸಾಗುತ್ತದೆ ನೋಡಬಹುದು. ಗುತ್ತಿಗೆದಾರ ಒಂದು ಹಂತ ಮುಗಿಸಿದ ಮೇಲೆ ಕಿರಿಯ ಎಂಜಿನಿಯರ್ ಬಂದು ಅಳತೆ ತೆಗೆದು ಎಂ.ಬಿ. ಪುಸ್ತಕದಲ್ಲಿ ಬರೆಯಬೇಕು. ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅದನ್ನು ತಾಳೆ ನೋಡಬೇಕು, ಗುಣಮಟ್ಟದ ವರದಿ ಬರಬೇಕು, ವಿಭಾಗ ಕಚೇರಿಯಲ್ಲಿ ಬಿಲ್ಲು ತಯಾರಾಗಿ ಲೆಕ್ಕಪತ್ರ ಶಾಖೆ ದಾಟಬೇಕು. ಅದರಲ್ಲಿ ಭದ್ರತಾ ಠೇವಣಿ, ಆದಾಯ ತೆರಿಗೆ, ರಾಜಧನ, ಕಾರ್ಮಿಕ ಕಲ್ಯಾಣದ ಶೇ 1ರ ಸೆಸ್ ಕಡಿತವಾಗುತ್ತವೆ. 2022ರ ಜುಲೈನಿಂದ ಇಂಥ ಬಹುಪಾಲು ಗುತ್ತಿಗೆಗಳ ಮೇಲೆ ಶೇ 18ರ ಜಿಎಸ್‌ಟಿ ಬೇರೆ ಇದೆ. ಇಷ್ಟೆಲ್ಲ ಮುಗಿದರೂ ಹಣಕಾಸು ಇಲಾಖೆ ಪಾವತಿಗೆ ಒಪ್ಪಿಗೆ ಕೊಡುವ ಎಲ್‌ಓಸಿ ಬಿಡುಗಡೆ ಮಾಡದೆ ಚೆಕ್ ಹುಟ್ಟುವುದಿಲ್ಲ. ಅನುದಾನಕ್ಕಿಂತ ಹಲವು ಪಟ್ಟು ಕಾಮಗಾರಿಗಳಿಗೆ ಮಂಜೂರಾತಿ ಕೊಟ್ಟಿರುವ ಇಲಾಖೆಗಳಲ್ಲಿ ಈ ಕೊನೆಯ ಮೆಟ್ಟಿಲ ಮೇಲೆ ವರ್ಷಗಟ್ಟಲೆ ಕಾಯುವುದುಂಟು. ಕಾಯುವ ಸಾಲು ಎಲ್ಲಿದೆಯೋ ಅಲ್ಲಿ ಸಾಲು ತಪ್ಪಿಸುವ ವ್ಯವಹಾರವೂ ಹುಟ್ಟುತ್ತದೆ. ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘ ಶೇ 40ರ ಕಮಿಷನ್ ಆರೋಪವನ್ನು 2021ರಲ್ಲಿ ಪ್ರಧಾನಿಗೇ ಬರೆದು ತಿಳಿಸಿತು. ಅದು 2023ರ ವಿಧಾನಸಭಾ ಚುನಾವಣೆಯ ಮುಖ್ಯ ಮಾತಾಯಿತು, ಸರ್ಕಾರ ಬದಲಾಯಿತು. ಬಾಕಿ ಬಿಲ್ಲುಗಳ ದೂರು ಮಾತ್ರ ಬದಲಾಗದೆ ಮುಂದುವರಿದಿದೆ.

ತಡದ ಹೊರೆ ಕೆಳಕೆಳಗೆ ಇಳಿಯುತ್ತಾ ಹೋಗುತ್ತದೆ. ಇಲಾಖೆ ಗುತ್ತಿಗೆದಾರನಿಗೆ, ಗುತ್ತಿಗೆದಾರ ಉಪಗುತ್ತಿಗೆದಾರನಿಗೆ, ಅವನು ಮೇಸ್ತ್ರಿಗೆ ‘ಬಿಲ್ಲಾಗಲಿ’ ಎನ್ನುತ್ತಾರೆ. ಮೇಸ್ತ್ರಿ ತನ್ನ ಆಳುಗಳಿಗೆ ಶನಿವಾರದ ಬಟವಾಡೆಯಲ್ಲಿ ಊಟದ ಖರ್ಚು ಕೊಟ್ಟು ಉಳಿದದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಮೇಲಿನವರು ಬ್ಯಾಂಕಿನಿಂದಲೋ ಲೇವಾದೇವಿಯವರಿಂದಲೋ ಸಾಲ ಎತ್ತಬಹುದು, ತಳದಲ್ಲಿರುವವನು ತನ್ನ ಕೂಲಿಯನ್ನೇ ಸಾಲವಾಗಿ ಕೊಟ್ಟಿರುತ್ತಾನೆ. ತಕರಾರು ನ್ಯಾಯಾಲಯಕ್ಕೆ ಹೋದರೆ ಇನ್ನೂ ತಡ. 10 ಕೋಟಿಗಿಂತ ದೊಡ್ಡ ಮೊತ್ತದ ವ್ಯಾಜ್ಯಗಳಿಗೆ ಮಧ್ಯಸ್ಥಿಕೆ ಷರತ್ತನ್ನು ಎಂದಿನಂತೆ ಸೇರಿಸಬಾರದೆಂದು ಕೇಂದ್ರದ ಹಣಕಾಸು ಸಚಿವಾಲಯ 2024ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಸರ್ಕಾರ ಮಧ್ಯಸ್ಥಿಕೆಯಲ್ಲಿ ಸೋಲುತ್ತಿದ್ದುದಕ್ಕೆ ಇದು ಉತ್ತರ ಇರಬಹುದು, ಉದ್ಯಮಕ್ಕಂತೂ ಒಳ್ಳೆಯ ಸುದ್ದಿಯಲ್ಲ.

ಕಾರ್ಮಿಕರ ಅಭಾವದ ಮಾತು ಈಗ ಎಲ್ಲ ಸೈಟುಗಳಲ್ಲೂ ಕೇಳಿಬರುತ್ತದೆ. ಬಿಹಾರ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳದಿಂದ ಬರುವವರು ಹಬ್ಬ, ಬಿತ್ತನೆ, ಚುನಾವಣೆಗೆಂದು ಊರಿಗೆ ಹೋದರೆ ಮರಳುವುದು ತಡ. ಕರ್ನಾಟಕದೊಳಗೆ ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗುವುದು ಹಳೆಯ ಪಾಡು. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳಿಂದ ಸಿಮೆಂಟು ಹೊರಡುವ ಸೀಮೆಯಿಂದಲೇ ಅದನ್ನು ಕಲೆಸುವ ಕೈಗಳೂ ಹೊರಡುತ್ತವೆ. ಲಾರ್ಸೆನ್ ಅಂಡ್ ಟೂಬ್ರೊ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ 2025ರ ಫೆಬ್ರವರಿಯಲ್ಲಿ, ಕಲ್ಯಾಣ ಯೋಜನೆಗಳ ಅನುಕೂಲದಿಂದಾಗಿ ಕಾರ್ಮಿಕರು ಊರು ಬಿಟ್ಟು ಬರಲು ಒಪ್ಪುತ್ತಿಲ್ಲ ಎಂದು ಹೇಳಿದ್ದು ಚರ್ಚೆಯಾಯಿತು. ತಗಡಿನ ಶೆಡ್ಡು, ಹತ್ತು ಜನಕ್ಕೊಂದು ಬಲ್ಬು, ನೆಚ್ಚಲಾಗದ ಬಟವಾಡೆ ಇರುವ ಕೆಲಸಕ್ಕೆ ಜನ ಬರಲಿಲ್ಲವೆಂದರೆ ತಪ್ಪನ್ನು ಪಡಿತರ ಅಕ್ಕಿಯ ಮೇಲೆ ಹೊರಿಸುವುದು ಅನ್ಯಾಯ.

ಈ ಉದ್ಯಮ ಕಾರ್ಮಿಕನನ್ನು ಹೇಗೆ ಕಾಣುತ್ತದೆ ಎಂಬುದು 2020ರ ಮೇ ತಿಂಗಳಲ್ಲಿ ಬಯಲಾಗಿತ್ತು. ಲಾಕ್‌ಡೌನ್‌ನಲ್ಲಿ ಸಿಕ್ಕಿಬಿದ್ದವರಿಗೆ ಊರಿಗೆ ಮರಳಲು ಶ್ರಮಿಕ್ ರೈಲುಗಳು ಬೇಕೆಂದು ಕೋರಿದ್ದ ಕರ್ನಾಟಕ ಸರ್ಕಾರ, ಬಿಲ್ಡರುಗಳೊಂದಿಗೆ ಸಭೆ ನಡೆದ ಬೆನ್ನಿಗೇ ಆ ಕೋರಿಕೆಯನ್ನು ವಾಪಸ್ ಪಡೆಯಿತು. ದೇಶದೆಲ್ಲೆಡೆ ಟೀಕೆ ಎದ್ದ ಮೇಲೆ ರೈಲುಗಳು ಮತ್ತೆ ಹೊರಟವು. ಕಟ್ಟಡ ಕಾರ್ಮಿಕರಿಗೆಂದು 1996ರ ಕಾಯ್ದೆ ಇತ್ತು, ಸೆಸ್ ಹಣ ಕಲ್ಯಾಣ ಮಂಡಳಿಗಳಲ್ಲಿ ಸಾವಿರಾರು ಕೋಟಿ ಸೇರಿದೆ. ಅದು ಖರ್ಚಾಗದೆ ಉಳಿದದ್ದಕ್ಕೂ ಬೇರೆ ಬಾಬತ್ತುಗಳಿಗೆ ಹೋದದ್ದಕ್ಕೂ ಸುಪ್ರೀಂ ಕೋರ್ಟ್ 2018ರಲ್ಲಿ ರಾಜ್ಯಗಳನ್ನು ತರಾಟೆಗೆ ತೆಗೆದುಕೊಂಡಿತ್ತು. ಕರ್ನಾಟಕದಲ್ಲಿ ಗಾರೆ ಮುಟ್ಟದವರ ಹೆಸರಲ್ಲೂ ಕಾರ್ಮಿಕ ಕಾರ್ಡುಗಳಿದ್ದು, ಬೋಗಸ್ ಕಾರ್ಡು ರದ್ದು ಮಾಡುವ ಅಭಿಯಾನವೇ ನಡೆಯಬೇಕಾಯಿತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯ್ದೆಯ ಅಂಶಗಳು ಅವುಗಳೊಳಗೆ ಸೇರಿಹೋಗಿದ್ದು, ರಾಜ್ಯ ದಾಟಿ ದುಡಿಯುವವನಿಗೆ ಸವಲತ್ತು ಹಿಂಬಾಲಿಸಿ ಬರುತ್ತದೆಯೇ ಎಂಬುದು ಅವುಗಳಿಗೆ ನಿಜವಾದ ಪರೀಕ್ಷೆ. ಹೆಂಗಸರ ಸ್ಥಿತಿ ದಶಕಗಳಿಂದ ಹಾಗೇ ಇದೆ: ಬಾಣಲಿ ಹೊರುವ ಕೈಯಾಳಾಗಿ ಬಂದವಳು ಕರಣೆ ಹಿಡಿದು ಮೇಸ್ತ್ರಿಯಾಗುವುದು ಅಪರೂಪ.

ಅಗ್ಗದ ದರ, ತಡವಾಗುವ ಹಣ, ತರಬೇತಿಯಿಲ್ಲದ ಕೈ ಮೂರೂ ಸೇರಿದಲ್ಲಿ ಕಟ್ಟಡ ಬೀಳುತ್ತದೆ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಇನ್ನೂ ಕೆಲಸ ನಡೆಯುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇಂಥದೇ ದುರಂತ ಒಂಬತ್ತು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಬಿಹಾರದ ಸುಲ್ತಾನ್‌ಗಂಜ್–ಅಗುವಾನಿ ಸೇತುವೆಯ ಭಾಗಗಳು ಗಂಗೆಗೆ ಬಿದ್ದದ್ದು ಒಮ್ಮೆಯಲ್ಲ, 2022, 2023, 2024ರಲ್ಲಿ ಮೂರು ಬಾರಿ. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 17 ದಿನ ಸಿಕ್ಕಿಕೊಂಡಿದ್ದ 41 ಕಾರ್ಮಿಕರನ್ನು ಹೊರತಂದಾಗ ದೇಶ ಸಂಭ್ರಮಿಸಿತು. ವಿದೇಶಿ ಕೊರೆಯುವ ಯಂತ್ರ ಕೈಕೊಟ್ಟ ಮೇಲೆ ಕೊನೆಯ ಕೆಲವು ಮೀಟರುಗಳನ್ನು ಕೈಯಿಂದ ಅಗೆದವರು ಕೂಲಿಗಳೇ ಎಂಬುದು ಉದ್ಯಮದ ತಾಂತ್ರಿಕ ಸಿದ್ಧತೆಯ ಬಗ್ಗೆ ಹೇಳುವುದನ್ನು ಹೇಳುತ್ತದೆ.

ಮುಂದಿನ ಮೂರು–ನಾಲ್ಕು ವರ್ಷಗಳಲ್ಲಿ ಕೆಲಸಕ್ಕೆ ಕೊರತೆಯಾಗುವ ಲಕ್ಷಣವಿಲ್ಲ. ನಗರಗಳು ಬೆಳೆಯುತ್ತಲೇ ಇವೆ. ಜಾಗತಿಕ ಕಂಪನಿಗಳ ಕಚೇರಿಗಳು, ಡೇಟಾ ಸೆಂಟರುಗಳು, ಸೌರ ಮತ್ತು ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗಳು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಖಾಸಗಿ ಬೇಡಿಕೆಯನ್ನು ನಿಧಾನಕ್ಕೆ ಎತ್ತುತ್ತಿವೆ. ಕಚೇರಿ ಕಟ್ಟಡಗಳ ಮಾರುಕಟ್ಟೆಯಲ್ಲಿ ಬೆಂಗಳೂರು ದೇಶಕ್ಕೇ ಮುಂದು. ಹೆದ್ದಾರಿಯ ವೇಗ ತಗ್ಗಿದ ಜಾಗವನ್ನು ವಿದ್ಯುತ್ ಪ್ರಸರಣ, ರೈಲು, ನಗರ ನೀರು ಸರಬರಾಜು ತುಂಬಬಹುದು. ಕೇಂದ್ರದ ಬಂಡವಾಳ ವೆಚ್ಚ ಹಿಂದಿನಂತೆ ವರ್ಷಕ್ಕೆ ಶೇ 25–30ರಂತೆ ಏರುವ ಕಾಲ ಮುಗಿದಿದೆ. ಗ್ಯಾರಂಟಿ ಯೋಜನೆಗಳು, ಸಂಬಳ, ಪಿಂಚಣಿ, ಬಡ್ಡಿಗೆ ದೊಡ್ಡ ಪಾಲು ಹೋಗುವ ರಾಜ್ಯಗಳಲ್ಲಿ ಕಾಮಗಾರಿಗಳಿಗೆ ಉಳಿಯುವುದು ಕಡಿಮೆ. ಹೀಗಾಗಿ ಶೇ 6–8ರ ನಡುವಿನ ಬೆಳವಣಿಗೆ ನಿರೀಕ್ಷಿಸುವುದು ವಾಸ್ತವಕ್ಕೆ ಹತ್ತಿರ. ಅದರಲ್ಲಿ ದೊಡ್ಡ ಕಂಪನಿಗಳ ಪಾಲು ಹೆಚ್ಚುತ್ತದೆ, ಮಧ್ಯಮ ಗಾತ್ರದ ಜಿಲ್ಲಾ ಮಟ್ಟದ ಗುತ್ತಿಗೆದಾರರು ಕೆಲವರು ಮುಚ್ಚುತ್ತಾರೆ, ಕೆಲವರು ದೊಡ್ಡವರ ಉಪಗುತ್ತಿಗೆಗೆ ಇಳಿಯುತ್ತಾರೆ. ಅನುದಾನ ಕೈಯಲ್ಲಿಲ್ಲದೆ ಟೆಂಡರ್ ಕರೆಯಕೂಡದು, ಅಳತೆ ದಾಖಲಾದ ಮೇಲೆ ಇಂತಿಷ್ಟು ದಿನದೊಳಗೆ ಹಣ ಕೊಡದಿದ್ದರೆ ಬಡ್ಡಿ ತೆರಬೇಕು ಎಂಬ ಎರಡು ನಿಯಮಗಳನ್ನು ರಾಜ್ಯ ಸರ್ಕಾರಗಳು ಕಟ್ಟುನಿಟ್ಟಾಗಿ ಪಾಲಿಸಿದರೆ ಈ ಚಿತ್ರ ಬದಲಾಗಬಲ್ಲದು. ಸದ್ಯಕ್ಕೆ ಹೊಸ ಕಾಮಗಾರಿಗೆ ಗುದ್ದಲಿ ಪೂಜೆ ಮಾಡುವುದಕ್ಕೆ ಇರುವ ಆತುರ ಹಳೆಯ ಕಾಮಗಾರಿಯ ಬಿಲ್ಲು ಚುಕ್ತಾ ಮಾಡುವುದಕ್ಕೆ ಯಾವ ಸರ್ಕಾರದಲ್ಲೂ ಕಾಣುತ್ತಿಲ್ಲ.